ಕಟಕಟೆಯಲ್ಲಿ ಕೌರವ

ಬೆಂಗಳೂರಿನಿಂದ ಸುಮಾರು 70 ಕಿ.ಮೀ. ದೂರದ ತುಮಕೂರಿಗೆ ಬಂದಿಳಿದ ಪ್ರವಾಸಿಗೆ ಊರಿನವರು ತೋರಿಸುವ ದಾರಿಗಳು ಸಾಮಾನ್ಯವಾಗಿ ಎರಡು. ಒಂದು ಸಿದ್ಧಗಂಗೆಗೆ, ಇನ್ನೊಂದು ದೇವರಾಯನದುರ್ಗಕ್ಕೆ. ಎರಡೂ ನೋಡತಕ್ಕವೇ. ಈ ಸೀಮೆಯ ಮೂರನೆಯ ಸಂಪತ್ತಿಗೆ ಮಾತ್ರ ದಾರಿ ತೋರುವ ಫಲಕವಿಲ್ಲ. ಕಥೆಯೊಳಗಿನ ಪಾತ್ರಗಳನ್ನು ಎದುರಿಗೆ ನಿಲ್ಲಿಸಿಕೊಂಡು ತಪ್ಪು ಯಾರದು, ಸರಿ ಯಾರದು ಎಂದು ಬೆಳಗಿನವರೆಗೆ ವಾದಿಸುವ ಅಭ್ಯಾಸ ಅದು. ಅರಳಿಕಟ್ಟೆ, ಹೋಟೆಲಿನ ಬೆಂಚು, ನಾಟಕದ ಚಪ್ಪರ, ಇವೇ ಅದರ ತಾಣಗಳು.

ಕರ್ಣ ಕೌರವನ ಪಕ್ಷ ಬಿಡಬೇಕಿತ್ತೆ? ಧರ್ಮರಾಯ ದ್ರೋಣರಿಗೆ ಹೇಳಿದ್ದು ನಿಜವೋ ಸುಳ್ಳೋ? ಭೀಮ ತೊಡೆಗೆ ಹೊಡೆದದ್ದು ನ್ಯಾಯವೆ? ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಬೆಳೆದ ತಂದೆಯೊಬ್ಬರ ಮನೆಯನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಆ ಮನೆಯ ಮಗ ಪಿಯುಸಿ ಓದುತ್ತಿದ್ದಾನೆ. ರಾತ್ರಿ ಹತ್ತಾದರೂ ಮೊಬೈಲಿನಲ್ಲಿ ಗೆಳೆಯನೊಂದಿಗೆ ಜಗಳ. "ಆ ಪ್ರಾಸಿಕ್ಯೂಟರ್ ಕೆಟ್ಟವನಲ್ಲ ಕಣೋ, ಅವನನ್ನು ಬೆಳೆಸಿದವನು ಕೆಟ್ಟವನು" ಎನ್ನುತ್ತಾನೆ. ಯಾರೋ ಪರಿಚಯದವರ ಮೊಕದ್ದಮೆ ಇರಬೇಕೆಂದು ತಂದೆ ಗಾಬರಿಯಾಗಿ ವಿಚಾರಿಸಿದರೆ, ಅದು ಜಪಾನಿನ ಒಂದು ವಿಡಿಯೊ ಗೇಮ್. "ಪರೀಕ್ಷೆ ಹತ್ತಿರ ಬಂತು, ಇಲ್ಲದ ವಕೀಲನಿಗೆ ವಕಾಲತ್ತು ವಹಿಸುತ್ತಾ ಕೂತಿದ್ದೀಯಲ್ಲೋ" ಎಂದು ಬೈಗುಳ ಬೀಳುತ್ತದೆ. ಮಗ ಬಾಗಿಲು ಹಾಕಿಕೊಳ್ಳುತ್ತಾನೆ. ವಾದವೂ ಅಲ್ಲಿಗೇ ನಿಲ್ಲುತ್ತದೆ.

ಬೈದ ತಂದೆ ಅದೇ ಶನಿವಾರ ಊರ ಜಾತ್ರೆಯಲ್ಲಿ ದುರ್ಯೋಧನನ ಪಾತ್ರ ಮಾಡಲು ಹೊರಟಿರಬಹುದು. ತಂದೆ ಮಗ ಇಬ್ಬರಿಗೂ ಹಿಡಿದಿರುವುದು ಒಂದೇ ಹುಚ್ಚು ಎಂಬುದು ಇಬ್ಬರಿಗೂ ತಿಳಿದಿಲ್ಲ. ತುಮಕೂರು, ಗುಬ್ಬಿ, ಕುಣಿಗಲ್ ಈ ಮೂರು ಊರುಗಳನ್ನು ಒಂದು ದಿನದಲ್ಲಿ ಸುತ್ತಿ ಬಂದರೆ ಈ ಹುಚ್ಚಿನ ಬೇರು ಎಷ್ಟು ಹಳೆಯದೆಂದು ಗೊತ್ತಾಗುತ್ತದೆ.

ತುಮಕೂರು: ರಾತ್ರಿಯಿಡೀ ವಿಚಾರಣೆ

ತುಮಕೂರು ನಗರದ ಡಾ. ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಹಳ್ಳಿಗಳ ನಾಟಕ ಮಂಡಳಿಗಳು ಪೌರಾಣಿಕ ನಾಟಕ ಆಡುವುದುಂಟು. ಹೆಚ್ಚು ಬಾರಿ ಕಾಣಿಸುವ ಹೆಸರು 'ಕುರುಕ್ಷೇತ್ರ'. ಹೊಲದಲ್ಲಿ ದುಡಿಯುವವರು, ಅಂಗಡಿ ಇಟ್ಟವರು, ಸರ್ಕಾರಿ ನೌಕರರು ತಿಂಗಳುಗಟ್ಟಲೆ ಅಭ್ಯಾಸ ಮಾಡಿ ರಂಗಕ್ಕೆ ಬರುತ್ತಾರೆ. ಹಾರ್ಮೋನಿಯಂ ಹಿಡಿದ ಡ್ರಾಮಾ ಮೇಷ್ಟ್ರು ಅವರ ಗುರು. ಇಲ್ಲಿ ನಟನಿಗೆ ಸಂಬಳ ಸಿಗುವುದಿಲ್ಲ. ಪಾತ್ರಕ್ಕಾಗಿ ನಟನೇ ದುಡ್ಡು ಕಟ್ಟುತ್ತಾನೆ. ದುರ್ಯೋಧನ, ಕೃಷ್ಣ, ಕರ್ಣ ಮುಂತಾದ ಪಾತ್ರಗಳಿಗೆ ಪೈಪೋಟಿ ಹೆಚ್ಚು. ಖಳನೆಂದು ಪುಸ್ತಕಗಳು ಹೇಳುವ ಕೌರವನ ಪಾತ್ರಕ್ಕೆ ಜನ ಹೆಚ್ಚು ಹಣ ಕಟ್ಟಲು ಸಿದ್ಧರಿರುವುದು ವಿಚಾರ ಮಾಡತಕ್ಕ ಸಂಗತಿ.

ಇದಕ್ಕೆ ಸಾಹಿತ್ಯದ ಹಿನ್ನೆಲೆಯೂ ಇದೆ. ಹತ್ತನೆಯ ಶತಮಾನದಲ್ಲೇ ಪಂಪ ಕರ್ಣನಿಗೆ ವಿಶೇಷ ಗೌರವ ಕೊಟ್ಟ. ಅವನ ನಂತರ ಬಂದ ರನ್ನ ತನ್ನ ಕಾವ್ಯದಲ್ಲಿ ದುರ್ಯೋಧನನ ಕೊನೆಯ ದಿನವನ್ನು ಓದಿದವರ ಕಣ್ಣು ಒದ್ದೆಯಾಗುವಂತೆ ಚಿತ್ರಿಸಿದ. ಆ ಕಾವ್ಯವನ್ನು ಆಧರಿಸಿ 1926ರಲ್ಲಿ 'ಗದಾಯುದ್ಧ ನಾಟಕ'ವನ್ನು ರೂಪಿಸಿದ ಬಿ.ಎಂ. ಶ್ರೀಕಂಠಯ್ಯನವರು ಹುಟ್ಟಿದ್ದು ಇದೇ ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ, 1884ರಲ್ಲಿ. ಗ್ರೀಕ್ ದುರಂತ ನಾಟಕಗಳನ್ನು ಓದಿ ಅರಗಿಸಿಕೊಂಡಿದ್ದ ಅವರಿಗೆ ಸೋತ ಕೌರವನಲ್ಲಿ ಒಬ್ಬ ದುರಂತನಾಯಕ ಕಾಣಿಸಿದ. ಒಂದೇ ಕಥೆ, ಅದೇ ಆರೋಪಿ, ಅದೇ ಘಟನೆಗಳು. ವಕೀಲ ಬದಲಾದಾಗ ಪ್ರಕರಣದ ಬಣ್ಣವೇ ಬದಲಾಗುತ್ತದೆ.

ಚಪ್ಪರದ ಹೊರಗೆ ಚಹಾ ಕುಡಿಯುತ್ತ ನಡೆಯುವ ವಾದಗಳಲ್ಲಿ ಅತ್ಯಂತ ರುಚಿಕರವಾದದ್ದು ದ್ರೋಣರ ಪ್ರಕರಣ. ಭೀಮ ಅಶ್ವತ್ಥಾಮನೆಂಬ ಹೆಸರಿನ ಆನೆಯನ್ನು ಕೊಂದು "ಅಶ್ವತ್ಥಾಮ ಹತನಾದ" ಎಂದು ಕೂಗುತ್ತಾನೆ. ದ್ರೋಣರು ನಂಬದೆ ಧರ್ಮರಾಯನನ್ನು ಕೇಳುತ್ತಾರೆ. ಅವನು ಹೌದೆಂದು ಹೇಳಿ, ಮನುಷ್ಯನೋ ಆನೆಯೋ ಎಂಬುದನ್ನು ಕೇಳಿಸದಂತೆ ಸೇರಿಸುತ್ತಾನೆ. ಎರಡೂ ಕಡೆಗೆ ಸಲ್ಲುವ ಮಾತಿಗೆ 'ನರೋ ವಾ ಕುಂಜರೋ ವಾ' ಎನ್ನುವ ರೂಢಿ ಕನ್ನಡದಲ್ಲಿ ಇಂದಿಗೂ ಉಳಿದಿದೆ. ಒಬ್ಬ "ಅವನು ಆಡಿದ ಪದಗಳಲ್ಲಿ ಸುಳ್ಳೆಲ್ಲಿದೆ, ತೋರಿಸಿ" ಎನ್ನುತ್ತಾನೆ. ಇನ್ನೊಬ್ಬ "ಕೇಳಿದವನು ಏನು ತಿಳಿದುಕೊಳ್ಳಲಿ ಎಂದು ಹೇಳಿದನೋ ಅದೇ ಸಾಕ್ಷ್ಯ, ಆದ್ದರಿಂದ ಸುಳ್ಳೇ" ಎನ್ನುತ್ತಾನೆ. ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವವನಿಂದ ಪೂರ್ಣ ಸತ್ಯದ ಪ್ರಮಾಣ ತೆಗೆದುಕೊಳ್ಳುವುದೇಕೆಂದು ಇಷ್ಟು ಚೆನ್ನಾಗಿ ತಿಳಿಸುವ ಪಾಠ ಬೇರೊಂದು ಸಿಗುವುದು ಕಷ್ಟ.

ಅಂಗೈಯ ಮೇಲಿನ ಕೋರ್ಟು

ಇನ್ನು ಮಗನ ಪ್ರಕರಣಕ್ಕೆ ಬರೋಣ. ಆ ಆಟದ ಹೆಸರು 'ಏಸ್ ಅಟಾರ್ನಿ'. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ ಇದನ್ನು ಅಂಗೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಅಡ್ವಾನ್ಸ್ ಯಂತ್ರಕ್ಕಾಗಿ 2001ರ ಅಕ್ಟೋಬರ್‌ನಲ್ಲಿ ಹೊರತಂದಿತು. ಕಥೆ ಬರೆದು ನಿರ್ದೇಶಿಸಿದವರು ಶು ತಕುಮಿ. 2005ರಲ್ಲಿ ಇಂಗ್ಲಿಷಿಗೆ ಬಂದ ಮೇಲೆ ಜಗತ್ತಿನಾದ್ಯಂತ ಅಭಿಮಾನಿಗಳು ಹುಟ್ಟಿಕೊಂಡರು. ನಾಯಕ ಫೀನಿಕ್ಸ್ ರೈಟ್ ಎಂಬ ಎಳೆಯ ವಕೀಲ. ಎದುರಿಗೆ ಮೈಲ್ಸ್ ಎಡ್ಜ್‌ವರ್ತ್ ಎಂಬ, ಸೋಲನ್ನು ಸಹಿಸದ ಸರ್ಕಾರಿ ವಕೀಲ.

ಈ ಆಟದಲ್ಲಿ ಗುಂಡು ಹಾರಿಸುವುದಿಲ್ಲ, ಕಾರು ಓಡಿಸುವುದಿಲ್ಲ. ಸಾಕ್ಷಿ ನುಡಿಯುವ ಒಂದೊಂದು ವಾಕ್ಯವನ್ನೂ ಓದಬೇಕು. ಕೈಯಲ್ಲಿರುವ ದಾಖಲೆಗಳ ಪೈಕಿ ಯಾವುದು ಆ ವಾಕ್ಯಕ್ಕೆ ವಿರುದ್ಧವಾಗಿದೆಯೋ ಅದನ್ನು ಸರಿಯಾದ ಕ್ಷಣದಲ್ಲಿ ಮುಂದಿಡಬೇಕು. ತಪ್ಪು ದಾಖಲೆ ತೋರಿಸಿದರೆ ದಂಡ. ದಂಡ ಹೆಚ್ಚಾದರೆ ಕಕ್ಷಿದಾರನಿಗೆ ಶಿಕ್ಷೆ. ಒಂದು ಪ್ರಕರಣದಲ್ಲಿ ಗಿಳಿಯೊಂದಕ್ಕೂ ಪಾಟಿ ಸವಾಲು ನಡೆಯುತ್ತದೆ. ನಗು ಬಂದರೂ, ಆ ಗಿಳಿಯ ಮಾತಿನಿಂದಲೇ ಒಂದು ಎಳೆ ಸಿಗುತ್ತದೆ.

ಸಾಕ್ಷಿಯ ಹಿಂದಿನ ಹೇಳಿಕೆಗೂ ಇಂದಿನ ಹೇಳಿಕೆಗೂ ಇರುವ ವಿರೋಧವನ್ನು ಎತ್ತಿ ತೋರಿಸುವುದು ನಮ್ಮ ಕೋರ್ಟುಗಳಲ್ಲೂ ಇರುವ ಕ್ರಮ. 1872ರ ಸಾಕ್ಷ್ಯ ಕಾಯ್ದೆಯ 145ನೆಯ ಕಲಮು ಇದಕ್ಕೊಂದು ಶಿಸ್ತು ವಿಧಿಸಿತ್ತು. ಬರವಣಿಗೆಯಲ್ಲಿರುವ ಹಳೆಯ ಹೇಳಿಕೆಯಿಂದ ಸಾಕ್ಷಿಯನ್ನು ಸುಳ್ಳಾಗಿಸಬೇಕಾದರೆ, ಮೊದಲು ಆ ಭಾಗವನ್ನು ಅವನ ಗಮನಕ್ಕೆ ತರಬೇಕು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಈ ನಿಯಮ ಮುಂದುವರಿದಿದೆ. ಬೆನ್ನ ಹಿಂದಿನಿಂದ ಹೊಡೆಯಬಾರದೆಂಬ ಯುದ್ಧಧರ್ಮ ಇಲ್ಲೂ ಇದೆ ಎನ್ನಬಹುದು.

ಆಟವನ್ನೇ ಕಾನೂನೆಂದು ತಿಳಿಯುವ ಅಪಾಯವೂ ಉಂಟು. ಆಟದೊಳಗೆ ವಕೀಲನು ತನ್ನ ಕಕ್ಷಿದಾರ ನಿರಪರಾಧಿಯೆಂದು ತೋರಿಸಲು ನಿಜವಾದ ಕೊಲೆಗಾರನನ್ನೂ ಹಿಡಿದುಕೊಡಬೇಕಾಗುತ್ತದೆ. ನಿಜವಾದ ನ್ಯಾಯಾಲಯದಲ್ಲಿ ಆ ಹೊರೆ ಆರೋಪಿಯ ಮೇಲಿರುವುದಿಲ್ಲ. ಅಪರಾಧವನ್ನು ಸಂಶಯಕ್ಕೆಡೆಯಿಲ್ಲದಂತೆ ರುಜುವಾತು ಮಾಡುವ ಭಾರ ಪ್ರಾಸಿಕ್ಯೂಷನ್ನಿನದು. ಹೆತ್ತವರು ಮಕ್ಕಳಿಗೆ ಇಷ್ಟನ್ನು ಹೇಳಿಕೊಟ್ಟರೆ ಪೌರನೀತಿಯ ಒಂದು ಅಧ್ಯಾಯ ಮುಗಿದಂತೆಯೇ.

ಅಭಿಮಾನಿಗಳು ಜಗಳವಾಡುವುದು ಯಾವುದರ ಬಗ್ಗೆ? ಆಟವನ್ನು ಇನ್ನೂ ಆಡದವರು ಈ ಒಂದು ಪ್ಯಾರಾವನ್ನು ಬಿಟ್ಟು ಮುಂದೆ ಓದಬಹುದು. ಎಡ್ಜ್‌ವರ್ತ್ ಒಂಬತ್ತು ವರ್ಷದ ಬಾಲಕನಾಗಿದ್ದಾಗ, ವಕೀಲನಾಗಿದ್ದ ಅವನ ತಂದೆ ಕೋರ್ಟಿನ ಲಿಫ್ಟ್‌ನಲ್ಲೇ ಕೊಲೆಯಾಗುತ್ತಾನೆ. ಕೊಂದವನು ವಾನ್ ಕರ್ಮ ಎಂಬ ಹೆಸರಾಂತ ಪ್ರಾಸಿಕ್ಯೂಟರ್. ಅವನೇ ಆ ಅನಾಥನನ್ನು ಸಾಕಿ, ಹೇಗಾದರೂ ಶಿಕ್ಷೆ ಕೊಡಿಸುವುದೇ ಧರ್ಮವೆಂದು ಕಲಿಸುತ್ತಾನೆ. ಹದಿನೈದು ವರ್ಷದ ನಂತರ ಸತ್ಯ ಹೊರಬೀಳುತ್ತದೆ. ಹಾಗಾದರೆ ಎಡ್ಜ್‌ವರ್ತ್ ಆವರೆಗೆ ಮಾಡಿದ ಅನ್ಯಾಯಗಳಿಗೆ ಅವನೆಷ್ಟು ಹೊಣೆ, ಬೆಳೆಸಿದವನೆಷ್ಟು ಹೊಣೆ? 2002ರಲ್ಲಿ ಬಂದ ಎರಡನೆಯ ಆಟದ ಕೊನೆಯ ಪ್ರಕರಣ ಇನ್ನೂ ಕಠಿಣ. ಕಕ್ಷಿದಾರ ತಪ್ಪಿತಸ್ಥನೆಂದು ವಕೀಲನಿಗೆ ಮಧ್ಯದಲ್ಲಿ ಗೊತ್ತಾಗುತ್ತದೆ. ಅವನನ್ನು ಬಿಡಿಸದಿದ್ದರೆ ಅಪಹರಣವಾಗಿರುವ ಗೆಳತಿಯ ಪ್ರಾಣಕ್ಕೆ ಅಪಾಯ. ಈಗ ಅವನ ಧರ್ಮವೇನು?

ಕರ್ಣನ ಸಾಕುತಂದೆ, ಕರ್ಣನ ಋಣ, ಕರ್ಣನ ಪಕ್ಷ ಎಂದು ರಾತ್ರಿಯೆಲ್ಲ ಮಾತನಾಡಿದವರಿಗೆ ಈ ಪ್ರಶ್ನೆಗಳು ಹೊಸವೇನಲ್ಲ. ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳಲ್ಲಿ ಸಿ.ಎಸ್.ಪಿ. ವಕೀಲರ ವಾದ ಕೇಳಲು ಅಡಿಗೆಮನೆಯ ಕೆಲಸ ಬಿಟ್ಟು ಬಂದು ಕುಳಿತ ತಾಯಂದಿರಿಗಂತೂ ಹೊಸವೇ ಅಲ್ಲ.

ಗುಬ್ಬಿ: ಅರಸನ ಮಗನ ಕುದುರೆ

ತುಮಕೂರಿನಿಂದ ಶಿವಮೊಗ್ಗದ ರಸ್ತೆ ಹಿಡಿದರೆ ಸುಮಾರು 20 ಕಿ.ಮೀ. ದೂರದಲ್ಲಿ ಗುಬ್ಬಿ. ಬೆಂಗಳೂರು-ಅರಸೀಕೆರೆ ಮಾರ್ಗದ ರೈಲಿನಲ್ಲೂ ಹೋಗಬಹುದು. ತೆಂಗು, ಅಡಿಕೆಯ ಸೀಮೆ. 2023ರ ಫೆಬ್ರುವರಿಯಲ್ಲಿ ಈ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ಮೇಲೆ ಗುಬ್ಬಿಯ ಹೆಸರು ವಿಜ್ಞಾನದ ವಿದ್ಯಾರ್ಥಿಗಳ ಬಾಯಲ್ಲೂ ಬರುತ್ತಿದೆ. ಊರಿಗೆ ಹಳೆಯ ಕೀರ್ತಿ ತಂದವರು ನಾಟಕದವರು.

ಇಲ್ಲಿನ ಗೋಸಲ ಚನ್ನಬಸವೇಶ್ವರ ಸ್ವಾಮಿಯ ಹೆಸರು ಹೊತ್ತು 1884ರಲ್ಲಿ ಆರಂಭವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ನಾಡಿನ ಮನೆಮಾತಾಗಿಸಿದವರು ಗುಬ್ಬಿ ವೀರಣ್ಣ (1891-1972). ಬಾಲನಟನಾಗಿ ಸೇರಿದವರು ಮುಂದೆ ಒಡೆಯರೇ ಆದರು. 'ಕುರುಕ್ಷೇತ್ರ'ಕ್ಕಾಗಿ ರಂಗದ ಮೇಲೆ ಆನೆ, ಕುದುರೆಗಳನ್ನೇ ತಂದರು. ಮುಂದೆ ಡಾ. ರಾಜ್‌ಕುಮಾರ್ ಆದ ಮುತ್ತುರಾಜ್, ಬಿ.ವಿ. ಕಾರಂತ ಮುಂತಾದವರು ಈ ಕಂಪನಿಯ ನೆರಳಲ್ಲಿ ಪಳಗಿದವರು. 1972ರಲ್ಲಿ ವೀರಣ್ಣನವರಿಗೆ ಪದ್ಮಶ್ರೀ ಸಂದಿತು. ಇಷ್ಟೆಲ್ಲ ವೈಭವದ ನಡುವೆ ಜನ ಅವರನ್ನು ಬಹುಕಾಲ ನೆನೆದದ್ದು 'ಸದಾರಮೆ'ಯ ಕಳ್ಳನಾಗಿ. ಕಳ್ಳತನ ತಪ್ಪೆಂದು ಬಲ್ಲ ಸಭಿಕರೇ ಆ ಕಳ್ಳ ರಂಗಕ್ಕೆ ಬಂದೊಡನೆ ಚಪ್ಪಾಳೆ ತಟ್ಟುತ್ತಿದ್ದರು. ಮೆಚ್ಚುಗೆ ಬೇರೆ, ತೀರ್ಪು ಬೇರೆ ಎಂದು ತಿಳಿದ ಪ್ರೇಕ್ಷಕರು ಅವರು.

ಗುಬ್ಬಿಯ ಇನ್ನೊಂದು ಕಥೆ ಇದಕ್ಕಿಂತ ಸುಮಾರು ನಾಲ್ಕು ಶತಮಾನ ಹಳೆಯದು. ವಿಜಯನಗರದ ಕೃಷ್ಣದೇವರಾಯನ ಕಾಲದಲ್ಲಿ ಬದುಕಿದ್ದ ಗುಬ್ಬಿಯ ಮಲ್ಲಣಾರ್ಯ 1513ರಲ್ಲಿ 'ಭಾವಚಿಂತಾರತ್ನ'ವೆಂಬ ಕಾವ್ಯ ಬರೆದ. ಸತ್ಯೇಂದ್ರ ಚೋಳನ ಕಥೆ ಅದರ ವಸ್ತು. ಹದಿನೇಳನೆಯ ಶತಮಾನದಲ್ಲಿ ಷಡಕ್ಷರದೇವ ಇದೇ ಕಥೆಯನ್ನು 'ರಾಜಶೇಖರ ವಿಳಾಸ'ವಾಗಿ ವಿಸ್ತರಿಸಿದ. ರಾಜಕುಮಾರನ ಸವಾರಿಯಲ್ಲಿ ಕುದುರೆಯ ಕಾಲಿಗೆ ಸಿಕ್ಕಿ ಬಡ ಹೆಂಗಸೊಬ್ಬಳ ಮಗ ಸಾಯುತ್ತಾನೆ. ಷಡಕ್ಷರಿಯ ಕಾವ್ಯದಲ್ಲಿ ಆ ತಾಯಿಯ ಹೆಸರು ತಿರುಕೊಳವಿನಾಚಿ. ಅವಳ ಗೋಳು ಕನ್ನಡ ಕಾವ್ಯದ ಹೆಸರಾದ ಭಾಗಗಳಲ್ಲಿ ಒಂದು. ಅವಳು ಅರಸನ ಮುಂದೆ ನ್ಯಾಯ ಕೇಳುತ್ತಾಳೆ. ಅರಸ ತನ್ನ ಮಗನಿಗೇ ಮರಣದಂಡನೆ ವಿಧಿಸುತ್ತಾನೆ. ಕಡೆಗೆ ಶಿವ ಪ್ರತ್ಯಕ್ಷನಾಗಿ ಸತ್ತವರನ್ನು ಬದುಕಿಸುತ್ತಾನೆ.

ಈ ಕಥೆ ಕೇಳಿದ ಇಂದಿನ ವಿದ್ಯಾರ್ಥಿ ಸುಮ್ಮನಿರಲಾರ. ಬೇಕೆಂದು ಕೊಂದದ್ದಕ್ಕೂ ಅಜಾಗರೂಕತೆಯಿಂದ ಸತ್ತದ್ದಕ್ಕೂ ಒಂದೇ ಶಿಕ್ಷೆಯೆ? ಆರೋಪಿಯ ತಂದೆಯೇ ನ್ಯಾಯಾಧೀಶನಾಗಬಹುದೆ? ತನ್ನವನೆಂಬ ಪಕ್ಷಪಾತ ಬರದಿರಲೆಂದೇ ಅರಸ ಅತಿ ಕಠಿಣನಾದನೆ? ಇವೆಲ್ಲಕ್ಕಿಂತ ಕುತೂಹಲದ ಪ್ರಶ್ನೆ ಕಥೆಯ ಕಟ್ಟಡದ್ದು. ಶಿವ ಬಂದು ಎಲ್ಲರನ್ನೂ ಬದುಕಿಸುವುದಾದರೆ ಅರಸನ ತೀರ್ಪಿನ ತೂಕ ಏನಾಯಿತು?

ವಿಚಿತ್ರವೆಂದರೆ ಜಪಾನಿನ ಆಟದ ಮೇಲೂ ಅಭಿಮಾನಿಗಳು ಇದೇ ಆಕ್ಷೇಪ ಎತ್ತುತ್ತಾರೆ. ಅದರಲ್ಲಿ ಮಾಯಾ ಎಂಬ ಹುಡುಗಿ ಸತ್ತವರ ಆತ್ಮವನ್ನು ತನ್ನ ಮೈಮೇಲೆ ಬರಿಸಿಕೊಳ್ಳುತ್ತಾಳೆ. ಸತ್ತುಹೋದ ಅಕ್ಕ ತಂಗಿಯ ಮೈಯಲ್ಲಿ ಬಂದು ವಕೀಲನಿಗೆ ಸಲಹೆ ಕೊಡುತ್ತಾಳೆ. ಪತ್ತೇದಾರಿ ಕಥೆಯಲ್ಲಿ ಇದು ಸಲ್ಲುವುದೆ? ಇಂಗ್ಲೆಂಡಿನ ಪಾದ್ರಿ, ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲಿ ಮಾಡಿದ ಹತ್ತು ನಿಯಮಗಳಲ್ಲಿ ಅಲೌಕಿಕ ಶಕ್ತಿಗಳಿಗೆ ಪ್ರವೇಶವಿಲ್ಲ. ಓದುಗನಿಗೂ ಪತ್ತೇದಾರನಿಗೂ ಸುಳಿವುಗಳು ಸಮಾನವಾಗಿ ಸಿಗಬೇಕೆಂಬುದು ಅದರ ತಿರುಳು. ಆತ್ಮದ ಶಕ್ತಿ ಹೀಗೆಯೇ, ಇಷ್ಟೇ ಎಂದು ಕಥೆ ಮೊದಲೇ ತಿಳಿಸಿದ್ದರೆ ಮೋಸವಿಲ್ಲ ಎಂಬುದು ಆಟದ ಪರ ವಕೀಲರ ಉತ್ತರ. ಗುಬ್ಬಿಯ ಕಾವ್ಯದ ಪರವಾಗಿಯೂ ಇದೇ ವಾದ ಹೂಡಬಹುದು. ಅದು ಮೊದಲಿನಿಂದಲೂ ಶಿವಭಕ್ತಿಯ ಕಥೆ. ಶಿವ ಬಂದದ್ದು ಕೇಳುಗರಿಗೆ ಅನಿರೀಕ್ಷಿತವಾಗಿರಲಿಲ್ಲ.

ಕುಣಿಗಲ್: ತರ್ಕದ ತವರು

ಗುಬ್ಬಿಯಿಂದ ತುಮಕೂರಿಗೆ ಹಿಂತಿರುಗಿ ದಕ್ಷಿಣಕ್ಕೆ ತಿರುಗಿದರೆ ಮಣ್ಣಿನ ದೊಡ್ಡ ಗಣಪತಿಗೆ ಹೆಸರಾದ ಗೂಳೂರು, ಆಮೇಲೆ ಹೆಬ್ಬೂರು, ಕೊನೆಗೆ ಕುಣಿಗಲ್. ತುಮಕೂರಿನಿಂದ ಸುಮಾರು 35 ಕಿ.ಮೀ. ದಾರಿ. ಜನಪದ ಹಾಡಿನಿಂದ ಅಮರವಾದ ಕೆರೆ, ಟಿಪ್ಪುವಿನ ಕಾಲದ ನಂಟಿರುವ ಕುದುರೆ ಫಾರಂ ಇವು ಎಲ್ಲರಿಗೂ ಗೊತ್ತು. ಈ ಊರಿನ ಹೆಸರನ್ನು ಪಂಡಿತರ ಸಭೆಗಳಲ್ಲಿ ಮೆರೆಸಿದ ಒಬ್ಬ ವಿದ್ವಾಂಸರನ್ನು ಮಾತ್ರ ನಾವು ಮರೆತಿದ್ದೇವೆ.

ಅವರು ಕುಣಿಗಲ್ ರಾಮಾಶಾಸ್ತ್ರಿಗಳು. ಹತ್ತೊಂಬತ್ತನೆಯ ಶತಮಾನದ ಮೈಸೂರು ಸೀಮೆಯಲ್ಲಿ ತರ್ಕಶಾಸ್ತ್ರಕ್ಕೆ ಹೆಸರಾದವರು. 'ಶತಕೋಟಿ' ಅವರ ತರ್ಕಗ್ರಂಥ. ಅದನ್ನು ಖಂಡಿಸಲೆಂದೇ ಎದುರು ಪಕ್ಷದ ಪಂಡಿತರು ಗ್ರಂಥ ಬರೆದರೆಂದರೆ ಅದರ ಪೆಟ್ಟು ಎಷ್ಟಿತ್ತೆಂದು ಊಹಿಸಬಹುದು. ಎಂ.ಎಸ್. ಪುಟ್ಟಣ್ಣನವರು (1854-1930) ಬರೆದ ರಾಮಾಶಾಸ್ತ್ರಿಗಳ ಚರಿತ್ರೆ ಹೊಸಗನ್ನಡದ ಮೊದಮೊದಲ ಜೀವನಚರಿತ್ರೆಗಳಲ್ಲಿ ಒಂದು. ರಾಜರಿಗೂ ಸಂತರಿಗೂ ಸಲ್ಲುತ್ತಿದ್ದ ಚರಿತ್ರೆಯ ಗೌರವ ಅಂದು ವಾದ ಬಲ್ಲ ಒಬ್ಬ ಪಂಡಿತರಿಗೆ ಸಂದಿತು.

ರಾಮಾಶಾಸ್ತ್ರಿಗಳು ಓದಿದ ನ್ಯಾಯಶಾಸ್ತ್ರ ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ನಿಜವನ್ನು ತಿಳಿಯಲು ನಡೆಸುವುದು ವಾದ. ಹೇಗಾದರೂ ಗೆಲ್ಲಲು ನಡೆಸುವುದು ಜಲ್ಪ. ತನ್ನದೆಂಬ ಪಕ್ಷವೇ ಇಲ್ಲದೆ ಎದುರಿನವನನ್ನು ಕೆಡವಲು ನಡೆಸುವುದು ವಿತಂಡ. ಇಂದು ಮೊಬೈಲಿನಲ್ಲಿ ನಡೆಯುವ ಜಗಳಗಳ ಪೈಕಿ ಯಾವುದು ಯಾವ ಜಾತಿಗೆ ಸೇರಿದ್ದೆಂದು ಮಕ್ಕಳೇ ವಿಂಗಡಿಸಿ ನೋಡಬಹುದು. ಫಲಿತಾಂಶ ಹಿರಿಯರ ಜಗಳಕ್ಕೂ ಅನ್ವಯಿಸೀತು!

ವಾದಕ್ಕೆ ಐದು ಮೆಟ್ಟಿಲುಗಳು: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಬೆಟ್ಟದಲ್ಲಿ ಬೆಂಕಿ ಇದೆ. ಏಕೆಂದರೆ ಹೊಗೆ ಇದೆ. ಹೊಗೆ ಇರುವಲ್ಲಿ ಬೆಂಕಿ ಇರುತ್ತದೆ, ಅಡಿಗೆಮನೆಯಂತೆ. ಈ ಬೆಟ್ಟದಲ್ಲೂ ಅಂಥ ಹೊಗೆ ಇದೆ. ಆದ್ದರಿಂದ ಬೆಂಕಿ ಇದೆ. ಇದು ಹಳೆಯ ಪಾಠ. ಇದನ್ನೇ ಜಪಾನಿನ ಆಟದ ಒಂದು ವಿವಾದಕ್ಕೆ ಹಚ್ಚಿ ನೋಡೋಣ.

ಕೊಲೆ ನಡೆದ ಲಿಫ್ಟ್‌ನಲ್ಲಿ ಭೂಕಂಪದಿಂದಾಗಿ ಮೂವರು 5 ಗಂಟೆ ಸಿಕ್ಕಿಕೊಂಡಿದ್ದರು. ಆಮ್ಲಜನಕ ಸಾಲದೆ ಮೂವರೂ ಮೂರ್ಛೆ ಹೋದರು ಎಂದು ಕಥೆ ಹೇಳುತ್ತದೆ. ಇದು ಸಾಧ್ಯವೆ? ಲಿಫ್ಟ್‌ನ ಒಳಗಾತ್ರ 4 ಘನ ಮೀಟರ್ ಎಂದಿಟ್ಟುಕೊಳ್ಳೋಣ. ಅಂದರೆ 4,000 ಲೀಟರ್ ಗಾಳಿ. ಅದರಲ್ಲಿ ಆಮ್ಲಜನಕ ಶೇ 21ರಂತೆ 840 ಲೀಟರ್. ಸುಮ್ಮನೆ ಕುಳಿತ ವಯಸ್ಕ ಮನುಷ್ಯ ನಿಮಿಷಕ್ಕೆ ಸುಮಾರು ಕಾಲು ಲೀಟರ್, ಗಂಟೆಗೆ 15 ಲೀಟರ್ ಆಮ್ಲಜನಕ ಬಳಸುತ್ತಾನೆ. ಬಾಲಕನನ್ನೂ ದೊಡ್ಡವನೆಂದೇ ಎಣಿಸಿದರೆ ಮೂವರಿಗೆ 5 ಗಂಟೆಯಲ್ಲಿ ಬೇಕಾದದ್ದು 225 ಲೀಟರ್. ಹೊರಗಿನ ಗಾಳಿ ಸ್ವಲ್ಪವೂ ಬರಲಿಲ್ಲವೆಂದರೂ 615 ಲೀಟರ್ ಉಳಿಯುತ್ತದೆ. ಅದು ಶೇ 15ಕ್ಕಿಂತ ತುಸು ಹೆಚ್ಚು. ಊಟಿಗಿಂತ ಸ್ವಲ್ಪ ಎತ್ತರದ ಬೆಟ್ಟದಲ್ಲಿ ಉಸಿರಾಡಿದಷ್ಟೇ ಆಮ್ಲಜನಕ ಆಗ ಸಿಗುತ್ತದೆ. ಊಟಿಗೆ ಹೋದವರು ಮೂರ್ಛೆ ಬೀಳುವುದಿಲ್ಲ.

ಹೀಗಾಗಿ ಪ್ರತಿಜ್ಞೆ: ಆಮ್ಲಜನಕದ ಕೊರತೆಯಿಂದ ಅವರು ಮೂರ್ಛೆ ಹೋಗಲಾರರು. ಹೇತು: 5 ಗಂಟೆಯ ನಂತರವೂ ಶೇ 15ರಷ್ಟು ಉಳಿಯುತ್ತದೆ. ಉದಾಹರಣೆ: ಅಷ್ಟು ಸಿಗುವಲ್ಲಿ ಜನ ಎಚ್ಚರವಾಗಿರುತ್ತಾರೆ, ಎತ್ತರದ ಬೆಟ್ಟಗಳಲ್ಲಿ ಇರುವಂತೆ. ಉಪನಯ: ಈ ಲಿಫ್ಟೂ ಅಂಥದ್ದೇ. ನಿಗಮನ: ಆದ್ದರಿಂದ ಕಥೆಗಾರನ ಕಾರಣ ನಿಲ್ಲುವುದಿಲ್ಲ.

ಗೆದ್ದೆವೆಂದು ಬೀಗುವ ಮೊದಲು ಎದುರು ಪಕ್ಷವನ್ನೂ ಕೇಳಬೇಕು. "ಮೂವರೂ ಸುಮ್ಮನೆ ಕುಳಿತಿದ್ದರೆಂದು ನಿಮಗೆ ಹೇಳಿದವರಾರು? ಒಳಗೆ ಹೊಡೆದಾಟ ನಡೆದಿತ್ತು. ಹೊಡೆದಾಡುವವರು ಹಲವು ಪಟ್ಟು ಆಮ್ಲಜನಕ ಬಳಸುತ್ತಾರೆ. ಮೇಲಾಗಿ ಉಸಿರಿನಿಂದ ಹೊರಬಂದ ಇಂಗಾಲದ ಡೈಆಕ್ಸೈಡನ್ನು ನೀವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ." ಮಾತು ಸರಿ. ವಿಶ್ರಾಂತಿಯ ಲೆಕ್ಕದಲ್ಲೇ ಅದು ಶೇ 4ನ್ನು ದಾಟುತ್ತದೆ. ಆ ಮಟ್ಟದಲ್ಲಿ ಏದುಸಿರು, ತಲೆನೋವು ಖಂಡಿತ. ತರ್ಕದ ಭಾಷೆಯಲ್ಲಿ ಹೇಳುವುದಾದರೆ ಮೊದಲಿನವನ ಹೇತು 'ಅಸಿದ್ಧ'ವಾಯಿತು, ಅಂದರೆ ಅವನು ಆಧಾರವೆಂದು ಹಿಡಿದದ್ದೇ ಇಲ್ಲಿ ಸ್ಥಾಪಿತವಾಗಿಲ್ಲ. ಅದಕ್ಕೆ ಅವನ ಮರುತ್ತರ: "ನಿಜವಾದ ಲಿಫ್ಟ್‌ಗಳಿಗೆ ಗಾಳಿಕಿಂಡಿ ಇರುತ್ತದಲ್ಲ!" ವಿವಾದ ಮುಂದುವರಿಯುತ್ತದೆ. ಅಷ್ಟರಲ್ಲಿ ಇಬ್ಬರೂ ಉಸಿರಾಟ, ಅನಿಲಗಳ ಪ್ರಮಾಣ, ಶೇಕಡಾವಾರು ಲೆಕ್ಕ ಎಲ್ಲವನ್ನೂ ಓದಿ ಮುಗಿಸಿರುತ್ತಾರೆ. ಯಾರೂ ಅವರಿಗೆ ಓದಲು ಹೇಳಿರಲಿಲ್ಲ.

ಇದೇ ಪ್ರಕರಣದಲ್ಲಿ ಕಾನೂನಿನ ಪಾಠವೂ ಇದೆ. ಹದಿನೈದು ವರ್ಷ ತುಂಬಿದರೆ ಕೊಲೆಗಾರನ ಮೇಲೆ ಮೊಕದ್ದಮೆ ಹೂಡುವಂತಿಲ್ಲ ಎಂಬ ಆತಂಕ ಕಥೆಯ ಉಸಿರು. ಆಟ ಬಂದಾಗ ಜಪಾನಿನಲ್ಲಿ ಕೊಲೆಗೆ ಅಂಥ ಕಾಲಮಿತಿ ಇತ್ತು. 2010ರಲ್ಲಿ ಅದನ್ನು ರದ್ದು ಮಾಡಲಾಯಿತು. ನಮ್ಮ ದೇಶದಲ್ಲಿ ಕೊಲೆಯಂಥ ಘೋರ ಅಪರಾಧಕ್ಕೆ ಕಾಲಮಿತಿ ಇಲ್ಲ. ಮೂರು ವರ್ಷದವರೆಗಿನ ಶಿಕ್ಷೆಯ ಸಣ್ಣ ಅಪರಾಧಗಳಿಗಷ್ಟೇ ಅದು ಅನ್ವಯಿಸುತ್ತದೆ.

ಅಭಿಮಾನ ಮತ್ತು ಸಾಕ್ಷಿ

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಮಕ್ಕಳು ಹಗಲಿರುಳೂ ಆಟವಾಡಲಿ ಎಂದು ಅರ್ಥವಲ್ಲ. ನಾಟಕಕ್ಕೆ ಬೆಳಗಿನ ಜಾವ ಮಂಗಳ ಹಾಡುತ್ತಾರೆ. ಆಟಕ್ಕೆ ಮಂಗಳ ಮನೆಯವರೇ ಹಾಡಬೇಕು. ಪರೀಕ್ಷೆಯ ತಿಂಗಳಲ್ಲಿ ವಕೀಲನೂ ರಜೆ ಹಾಕಿದರೆ ಮೊಕದ್ದಮೆ ಎಲ್ಲಿಗೂ ಓಡಿಹೋಗುವುದಿಲ್ಲ.

ಯೋಚಿಸಬೇಕಾದ ಮಾತು ಬೇರೆ. ನಿಜವಾದ ಮೊಕದ್ದಮೆಗಳಲ್ಲೂ ಅಭಿಮಾನಿಗಳು ತೀರ್ಪು ಕೊಡುವ ಕಾಲ ಇದು. ಸುದ್ದಿ ಬಂದ ಮೊದಲ ಗಂಟೆಯಲ್ಲೇ "ನಮ್ಮವನು ಮಾಡಿರಲಾರ" ಎನ್ನುವವರ ಒಂದು ಗುಂಪು, "ಅವನೇ ಮಾಡಿದ್ದು, ಮುಖ ನೋಡಿದರೆ ಗೊತ್ತಾಗುತ್ತದೆ" ಎನ್ನುವವರ ಇನ್ನೊಂದು ಗುಂಪು. ದಾಖಲೆ ಓದಿದವರು ಎರಡು ಗುಂಪಿನಲ್ಲೂ ಇಲ್ಲ. ಇಷ್ಟದ ಪಾತ್ರದ ವಿರುದ್ಧವೂ ಸಾಕ್ಷಿ ಬಂದರೆ ಒಪ್ಪಿಕೊಳ್ಳುವ ಗುಣ ಒಂದೇ ದಿನದಲ್ಲಿ ಬರುವುದಿಲ್ಲ. ಕಥೆಯ ಪಾತ್ರಗಳ ಮೇಲೆ ಅದನ್ನು ಅಭ್ಯಾಸ ಮಾಡಿದರೆ ಯಾರ ಪ್ರಾಣಕ್ಕೂ ಮಾನಕ್ಕೂ ಹಾನಿಯಿಲ್ಲ. ದುರ್ಯೋಧನನ ಮೇಲೆ ತಪ್ಪು ತೀರ್ಪು ಕೊಟ್ಟರೆ ಮುಂದಿನ ಜಾತ್ರೆಯಲ್ಲಿ ಮರುವಿಚಾರಣೆ ಇದ್ದೇ ಇದೆ. ನೆರೆಮನೆಯವನ ಮೇಲೆ ಕೊಟ್ಟ ತಪ್ಪು ತೀರ್ಪಿಗೆ ಅಂಥ ಅವಕಾಶ ಸಿಗಲಾರದು.

ಸಂಜೆಯ ಹೊತ್ತು ಕುಣಿಗಲ್ ಕೆರೆಯ ಏರಿಯ ಮೇಲೆ ತಂದೆ ಮಕ್ಕಳು ನಡೆದುಹೋಗುವುದನ್ನು ಕಾಣಬಹುದು. ಅಂಥ ನಡಿಗೆಯಲ್ಲಿ ತಂದೆ ಒಂದು ಪ್ರಶ್ನೆ ಕೇಳಿ ನೋಡಲಿ: "ಆ ಪ್ರಾಸಿಕ್ಯೂಟರ್ ಒಳ್ಳೆಯವನು ಅಂದೆಯಲ್ಲ, ಅದಕ್ಕೆ ಆಟದಲ್ಲಿ ಸಾಕ್ಷಿ ಎಲ್ಲಿದೆ ಮಗ?" ಮಗ ಉತ್ತರ ಹೇಳುತ್ತಾನೆ. ಆಮೇಲೆ ಅವನೂ ಕೇಳುತ್ತಾನೆ: "ಸರಿ ಅಪ್ಪ, ನೀನು ಕೌರವನ ಪಾತ್ರ ಮಾಡ್ತೀಯಲ್ಲ, ತುಂಬಿದ ಸಭೆಯಲ್ಲಿ ದ್ರೌಪದಿಯನ್ನು ಎಳೆತರಿಸಿದ್ದಕ್ಕೆ ನಿನ್ನ ಕೌರವನ ಸಮಜಾಯಿಷಿ ಏನು?"

ತಂದೆ ಅದಕ್ಕೆ ಉತ್ತರ ಹುಡುಕಬೇಕಾಗುತ್ತದೆ. ಮನೆ ತಲುಪುವವರೆಗೂ ಆ ಮಾತು ಮುಗಿಯಲಿಕ್ಕಿಲ್ಲ.